ಗೇಟಿನಿಂದ ಕಾಣುವ ಕಲ್ಲುಬೆಂಚು

ನಮ್ಮ ಮನೆಯ ಗೇಟಿನಲ್ಲಿ ನಿಂತು ನೋಡಿದರೆ ತೋಟದ ತುದಿಯಲ್ಲಿರುವ ಕಲ್ಲುಬೆಂಚಿನವರೆಗೂ ದಾರಿ ಒಂದೇ ನೇರದಲ್ಲಿ ಕಾಣುತ್ತದೆ. ದಾರಿಯ ಎಡಕ್ಕೆ ಎಷ್ಟು ಗಿಡಗಳಿವೆಯೋ ಬಲಕ್ಕೂ ಅಷ್ಟೇ ಇವೆ. ಶಿವಮೊಗ್ಗದ ಈ ಬಡಾವಣೆಯಲ್ಲಿ ಇಂಥ ತೋಟ ಇನ್ನೊಂದಿಲ್ಲವೆಂದು ವಾಕಿಂಗ್ ಹೋಗುವವರು ಹೇಳುತ್ತಾರೆ. ಕೆಲವರು ನಿಂತು ಫೋಟೊ ತೆಗೆದುಕೊಳ್ಳುವುದೂ ಉಂಟು. ಆ ನೇರ ನೋಟ ಮೊದಲು ಇರಲಿಲ್ಲ. ಮೂರು ಮಳೆಗಾಲಗಳಲ್ಲಿ ಬೆಳೆದ ಆಳೆತ್ತರದ ಹಸಿರು ಬೇಲಿ ಅಲ್ಲಿ ಅಡ್ಡ ನಿಂತಿತ್ತು. ಅದರ ಹಿಂದೆ ನನ್ನ ತಾಯಿಗೆ ಒಂದು ಜಾಗವಿತ್ತು. ಆ ಬೇಲಿಯನ್ನು ಕಡಿಸಿದವಳು ನಾನು. ಕಡಿಸಲು ನನ್ನ ಬಳಿ ಕಾರಣಗಳಿದ್ದವು. ಅವು ತಪ್ಪು ಕಾರಣಗಳೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ಇದನ್ನು ಬರೆಯುವುದು ಕಷ್ಟವಾಗಿರುವುದು ಆ ಕಾರಣಕ್ಕೇ.

ಅಪ್ಪ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಹುಟ್ಟಿ ಬೆಳೆದದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಎರಡು ಕೋಣೆಯ ಆ ಮನೆಯ ಹಿಂದೆ ಅಮ್ಮ ಒಡೆದ ಬಕೆಟ್ಟುಗಳಲ್ಲಿ, ಹಳೆಯ ಟಯರುಗಳಲ್ಲಿ, ತುಕ್ಕು ತಿಂದ ಡಬ್ಬಗಳಲ್ಲಿ ಹೂವಿನ ಗಿಡಗಳನ್ನು ಬೆಳೆಸಿದ್ದಳು. ಬೇಸಿಗೆಗೆ ದುಂಡುಮಲ್ಲಿಗೆ, ಚಳಿಗಾಲಕ್ಕೆ ಕಾಕಡ, ವರ್ಷವಿಡೀ ಕನಕಾಂಬರ. ಸಂಜೆ ಸಾಲುಮನೆಗಳ ಹೆಂಗಸರು ನಮ್ಮ ಬಾಗಿಲ ಮುಂದೆ ಸೇರುತ್ತಿದ್ದರು. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತು ನಡೆಯುವಾಗಲೇ ಅಮ್ಮನ ಬೆರಳುಗಳು ಮಾಲೆ ಕಟ್ಟಿ ಮುಗಿಸುತ್ತಿದ್ದವು. ಆಮೇಲೆ ಅದನ್ನು ಗೇಣು ಗೇಣು ಕತ್ತರಿಸಿ ಎಲ್ಲರೂ ಮುಡಿದುಕೊಂಡು ಹೋಗುತ್ತಿದ್ದರು.

ಅಪ್ಪ ಸರ್ವೀಸಿನಲ್ಲಿರುವಾಗಲೇ ಎದೆನೋವಿನಿಂದ ತೀರಿಕೊಂಡರು. ನಾವು ಕ್ವಾರ್ಟರ್ಸ್ ಬಿಡಬೇಕಾಗಿದ್ದ ಕೊನೆಯ ಕೆಲವು ತಿಂಗಳುಗಳಲ್ಲಿ ಆ ಸಂಜೆಯ ಕೂಟ ನಿಲ್ಲಲಿಲ್ಲ. ಅಮ್ಮ ಹಿಂದಿನಂತೆಯೇ ಹೂ ಬಿಡಿಸಿದಳು, ಹಿಂದಿನಂತೆಯೇ ಕಟ್ಟಿದಳು. ಕತ್ತರಿಸಿ ಹಂಚುವಾಗ ಮಾತ್ರ ಅವಳ ಪಾಲಿನ ಗೇಣು ಇಲ್ಲವಾಯಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಅವಳ ಬಗ್ಗೆ ಎಲ್ಲರಿಗೂ ಪ್ರೀತಿಯೇ ಇತ್ತು. ಅವಳೇ ಬೆಳೆದು ಅವಳೇ ಕಟ್ಟಿದ ಹೂವನ್ನು ಅವಳೆದುರಿಗೇ ತಲೆಗೆ ಸಿಕ್ಕಿಸಿಕೊಂಡು, ಅವಳ ಆರೋಗ್ಯ ವಿಚಾರಿಸಿ ಹೊರಡುತ್ತಿದ್ದರು.

ನಾನು ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು. ಪರವಾಗಿ ಐದು ನಿಮಿಷ, ವಿರೋಧವಾಗಿ ಐದು ನಿಮಿಷ, ಖಂಡನೆಗೆ ಎರಡು ನಿಮಿಷ: ಈ ಅಳತೆಯಲ್ಲಿ ಯೋಚಿಸುವುದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು. ಒಂದು ಸಂಜೆ ಆ ಹೆಂಗಸರೆದುರು ನಾನು ಎದ್ದು ನಿಂತೇಬಿಟ್ಟೆ. ನಮ್ಮ ಮತದ ಮೂಲದಲ್ಲಿ ಸೂತಕವೆಂಬುದೇ ಇಲ್ಲ ಎಂದೆ. ಲಿಂಗ ಕಟ್ಟಿಕೊಂಡ ಮೈಗೆ ಅಮಂಗಳ ಎಲ್ಲಿಂದ ಬರುತ್ತದೆ? ಹೂ ಮುಡಿಯುವ ಹಕ್ಕು ಗಂಡನಿಂದ ಬಂದದ್ದಾದರೆ ಮದುವೆಯಾಗದ ನಾನು ಯಾಕೆ ಮುಡಿಯುತ್ತೇನೆ ಎಂದು ಕೇಳಿದೆ. ಅವರು ಹೋದ ಮೇಲೆ ಅಮ್ಮ, "ಗೆದ್ದೆ ಬಿಡು ಮಾರಾಯ್ತಿ. ಈಗ ಊಟಕ್ಕೆ ಏಳು," ಎಂದಳು. ಮರುದಿನ ಹೂವಿಗೆ ಬಂದವರು ಇಬ್ಬರೇ.

ಶಿವಮೊಗ್ಗದಲ್ಲಿ ನನಗೆ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಮನೆ ಕಟ್ಟಿಸಿದಾಗ ಪಕ್ಕದ ಉದ್ದನೆಯ ಜಾಗವನ್ನು ತೋಟಕ್ಕೆಂದು ಬಿಟ್ಟೆ. ಅದು ಫ್ರೆಂಚ್ ಮಾದರಿಯ ತೋಟವೇ ಆಗಬೇಕೆಂದು ಹಟ ಹಿಡಿದದ್ದಕ್ಕೆ ಬರೀ ಚೆಂದ ಕಾರಣವಲ್ಲ. ಕಾಲೇಜಿನ ಲೈಬ್ರರಿಯ ಚಿತ್ರಪುಸ್ತಕವೊಂದರಲ್ಲಿ ಅಂಥ ತೋಟಗಳನ್ನು ನೋಡಿದ್ದೆ. ನಡುವೆ ಒಂದು ಗೆರೆ, ಎರಡು ಪಕ್ಕಕ್ಕೂ ಸಮನಾದ ಚೌಕಗಳು, ಕತ್ತರಿಸಿ ನಿಲ್ಲಿಸಿದ ಬೇಲಿಗಳು, ಜಲ್ಲಿಯ ದಾರಿ. ನಮ್ಮಲ್ಲಿ ಮನೆಯ ಮುಂದಿನ ಒಂದೊಂದು ಗಿಡಕ್ಕೂ ಒಂದೊಂದು ಕಟ್ಟಳೆ ಇದೆ: ಇದು ಪೂಜೆಗೆ, ಇದು ಮುತ್ತೈದೆಯರಿಗೆ, ಇದನ್ನು ಮುಟ್ಟುವ ದಿನ ಬೇರೆ, ಮುಟ್ಟದ ದಿನ ಬೇರೆ. ಆ ಕಟ್ಟಳೆಗಳಲ್ಲಿ ಯಾವುದಕ್ಕೂ ಬಾಗದೆ ಅಳತೆಯೊಂದಕ್ಕೇ ಬಾಗುವ ತೋಟ ನನಗೆ ಬೇಕಿತ್ತು. ಅಂಥ ಜಾಗದಲ್ಲಿ ಅಮ್ಮ ಯಾರಿಗೂ ಕಡಿಮೆಯಲ್ಲದೆ ಓಡಾಡಬಹುದೆಂದು ನಾನು ನಂಬಿದ್ದೆ.

ಕೆಲಸಕ್ಕೆ ಒಪ್ಪಿಕೊಂಡ ಮಾಲಿ ಭದ್ರಾವತಿಯವರು. ಕಾರ್ಖಾನೆಯ ಅತಿಥಿಗೃಹವೊಂದರ ಬೇಲಿಗಳನ್ನು ವರ್ಷಗಟ್ಟಲೆ ಕತ್ತರಿಸಿದವರು. ಅಲ್ಲಿ ಕೆಲಸ ನಿಂತ ಮೇಲೆ ವಾರಕ್ಕೆರಡು ದಿನ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬರುತ್ತಿದ್ದರು. ಮನೆಮಾತು ತಮಿಳು. ನಾನು ಪುಸ್ತಕದ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿದರು.

"ಈ ಗಿಡ ಇಲ್ಲಿ ಬರಲ್ಲ ಮೇಡಂ. ಇದು ಚಳಿ ದೇಶದ್ದು. ಗಿಡ್ಡ ಅಂಚಿಗೆ ಕಾಮಿನಿ ಹಾಕೋಣ, ಎತ್ತರಕ್ಕೆ ಡುರಾಂಟಾ. ಕತ್ರಿ ಸರಿಯಾಗಿ ಬಿದ್ರೆ ಯಾವ ದೇಶದ ಗಿಡಾನೂ ಒಂದೇ ಥರ ಕಾಣುತ್ತೆ."

ಗೂಟ ಹೊಡೆದು ದಾರ ಎಳೆದೆವು. ದಾರದಗುಂಟ ಸುಣ್ಣದ ಪುಡಿ ಉದುರಿಸಿದೆವು. ದಾರಿಯ ಅಂಚಿಗೆ ಜಂಬಿಟ್ಟಿಗೆ ಕಲ್ಲು ಕೂರಿಸಿದೆವು. ನಾಲ್ಕು ಚೌಕಗಳ ಆಚೆ, ತೋಟದ ತುದಿಯಲ್ಲಿ, ಆಳೆತ್ತರದ ಬೇಲಿ ಸುತ್ತುವರಿದ ಸಣ್ಣದೊಂದು ಹಸಿರು ಕೋಣೆ, ಅದರೊಳಗೆ ಕಲ್ಲುಬೆಂಚು. ಅಂಥ ತೋಟಗಳಲ್ಲಿ ಇದೂ ಒಂದು ಪದ್ಧತಿ. ಆದರೆ ಬರೀ ಅಳತೆಯ ತೋಟ ಸತ್ತಂತೆ ಕಾಣುತ್ತದೆ, ಮನೆಯವರ ಬದುಕಿನ ಗುರುತೊಂದು ಅದರಲ್ಲಿರಬೇಕು ಎಂದೂ ನಾನು ಓದಿದ್ದೆ. ಆ ಗುರುತು ಯಾವುದೆಂದು ನನಗೆ ತೋಚಿರಲಿಲ್ಲ. ಅಮ್ಮ ಬಂದು ಸುಣ್ಣದ ಗೆರೆಗಳ ಹೊರಗೆ ನಿಂತು ಕೇಳಿದಳು:

"ಆ ಕೋಣೆಯೊಳಗೆ ನಾಲ್ಕು ಕಾಕಡ ಹಾಕ್ತೀಯೇನೇ?"

"ಯಾಕಮ್ಮ, ಮತ್ತೆ ಬೀದಿಯವರಿಗೆಲ್ಲ ಕಟ್ಟಿ ಕೊಡೋಕಾ?"

"ನಾಲ್ಕು ಅಂದ್ರೆ ನಿನ್ನ ಅಳತೆಗೂ ಸರಿಹೋಗುತ್ತಲ್ಲ. ಈ ಕಡೆ ಎರಡು, ಆ ಕಡೆ ಎರಡು."

ನಾನು ಒಪ್ಪಿದೆ. ಆಮೇಲೆ ಅವಳು ಮಾಲಿಯ ಕಡೆ ತಿರುಗಿ, ಕೋಣೆಯ ಬಾಗಿಲು ದಾರಿಗೆ ಎದುರಾಗಿ ಬೇಡ, ಪಕ್ಕದಲ್ಲಿ ಗೋಡೆಯ ಕಡೆಯಿಂದ ಇರಲಿ ಎಂದಳು. ನಾನು ವಿರೋಧಿಸಿದೆ. ನಡುವಿನ ಗೆರೆ ಬೇಲಿಗೆ ಹೋಗಿ ಬಡಿದು ನಿಂತರೆ ಇಡೀ ವಿನ್ಯಾಸದ ಅರ್ಥವೇ ಕೆಡುತ್ತದೆ, ಫ್ರೆಂಚ್ ತೋಟದಲ್ಲಿ ಹಾಗೆ ಮಾಡುವುದಿಲ್ಲ ಎಂದೆ.

"ಫ್ರಾನ್ಸಿನವರು ನೋಡೋಕೆ ಬರ್ತಾರಾ?" ಎಂದಳು ಅಮ್ಮ.

ಮಾಲಿ ಜೋರಾಗಿ ನಕ್ಕರು. ಬಾಗಿಲು ಪಕ್ಕಕ್ಕೇ ಆಯಿತು. ನನ್ನ ನಕ್ಷೆಯಲ್ಲಿ ಅದೊಂದು ದೋಷವಾಗಿ ಉಳಿಯಿತು. ಗೇಟು ತೆರೆದಾಗಲೆಲ್ಲ ಅದು ನನ್ನ ಕಣ್ಣಿಗೆ ಚುಚ್ಚುತ್ತಿತ್ತು.

ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಬೇಲಿ ನನ್ನ ತಲೆಗಿಂತ ಮೇಲೆ ಬೆಳೆದು, ಕತ್ತರಿ ಬಿದ್ದು ಬಿದ್ದು, ಗೋಡೆಯಂತೆ ದಟ್ಟವಾಯಿತು. ಅಮ್ಮ ಬೆಳಿಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು ಆ ಕೋಣೆಯೊಳಕ್ಕೆ ಹೋದರೆ ಮುಕ್ಕಾಲು ಗಂಟೆ ಬರುತ್ತಿರಲಿಲ್ಲ. ಗಿಡಕ್ಕೆ ನೀರು ಹಾಕುತ್ತಾಳೆ, ಕಳೆ ಕೀಳುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖ ಗೆಲುವಾಗಿತ್ತು. ಭದ್ರಾವತಿಯ ಮಾತುಗಳನ್ನು ನೆನೆದು ನಗುವುದನ್ನು ಮತ್ತೆ ಕಲಿತಿದ್ದಳು. ತೋಟ ಕೆಲಸ ಮಾಡುತ್ತಿದೆ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟೆ.

ಒಂದು ಡಿಸೆಂಬರಿನ ಬೆಳಿಗ್ಗೆ ಗ್ಯಾಸ್ ಸಿಲಿಂಡರಿನವನು ಬಂದಾಗ ಪುಸ್ತಕ ಸಿಗದೆ ಅವಳನ್ನು ಕೇಳಲು ತೋಟಕ್ಕೆ ಹೋದೆ. ಗೋಡೆಯ ಪಕ್ಕದಿಂದ ಸುತ್ತಿ ಬಾಗಿಲ ಬಳಿ ಬಂದವಳು ಅಲ್ಲೇ ನಿಂತೆ. ಅಮ್ಮ ಬೆಂಚಿನ ಮೇಲೆ ಒಂದು ಕಾಲು ಮಡಚಿ ಕೂತಿದ್ದಳು. ಅವಳ ತುರುಬಿನಲ್ಲಿ ಕಾಕಡದ ಮಾಲೆ ಇತ್ತು. ಗೇಣುದ್ದದ್ದಲ್ಲ, ತುರುಬಿಗೆ ಎರಡು ಸುತ್ತು ಬರುವಷ್ಟು. ಅವಳು ಏನನ್ನೂ ಮಾಡುತ್ತಿರಲಿಲ್ಲ. ಸುಮ್ಮನೆ ಕೂತು ಆಗಾಗ ಬೆರಳಿನಿಂದ ಹೂವನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಷ್ಟು ನಿರಾಳವಾದ ಬೆನ್ನನ್ನು ಅಪ್ಪ ಹೋದ ಮೇಲೆ ನಾನು ನೋಡಿರಲಿಲ್ಲ. ಸದ್ದಾಗದಂತೆ ಹಿಂದಕ್ಕೆ ಬಂದೆ. ಒಳಗೆ ಬರುವ ಮುನ್ನ ಅವಳು ಮಾಲೆ ತೆಗೆದು ಗಿಡದ ಬುಡದಲ್ಲಿ ಮಣ್ಣು ಮುಚ್ಚುತ್ತಿದ್ದಳೆಂದು ಅಲ್ಲಿ ಕೆದರಿದ ಮಣ್ಣು ನೋಡಿ ಆಮೇಲೆ ತಿಳಿಯಿತು.

ಆ ಕ್ಷಣ ಹಿಂದಕ್ಕೆ ಬಂದದ್ದು ಇಡೀ ಪ್ರಕರಣದಲ್ಲಿ ನಾನು ಮಾಡಿದ ಏಕೈಕ ಸರಿಯಾದ ಕೆಲಸ. ಅಲ್ಲಿಗೇ ನಿಲ್ಲಬೇಕಿತ್ತು. ಆದರೆ ದಿನವಿಡೀ ತರಗತಿಯಲ್ಲಿ ಪಾಠ ಹೇಳುವಾಗಲೂ ಆ ಮಣ್ಣು ಮುಚ್ಚಿದ ಹೂವೇ ಕಣ್ಣೆದುರಿಗಿತ್ತು. ತಪ್ಪು ಮಾಡದವಳು ಕಳ್ಳಿಯಂತೆ ಯಾಕೆ ಅಡಗಬೇಕು? ಬಚ್ಚಿಟ್ಟುಕೊಂಡ ಸ್ವಾತಂತ್ರ್ಯಕ್ಕೆ ಸ್ವಾತಂತ್ರ್ಯವೆಂಬ ಹೆಸರು ಸಲ್ಲುತ್ತದೆಯೇ? ನಾನೇ ನೆಟ್ಟ ಬೇಲಿ ಅವಳನ್ನು ಅಡಗಿಸುವ ಪರದೆಯಾಯಿತಲ್ಲ ಎಂದು ನನಗೆ ನಾಚಿಕೆಯೂ ಆಯಿತು. ವಾದ ಎಲ್ಲ ಕಡೆಯಿಂದಲೂ ಭದ್ರವಾಗಿತ್ತು. ಅದನ್ನು ಅಮ್ಮನ ಮುಂದೆ ಇಟ್ಟು ಅವಳ ಅಭಿಪ್ರಾಯ ಕೇಳಬೇಕೆಂದು ಮಾತ್ರ ನನಗೆ ಹೊಳೆಯಲಿಲ್ಲ. ಅವಳ ಪರವಾಗಿ ಮಾತಾಡುತ್ತಿದ್ದೆನಲ್ಲ, ಆದ್ದರಿಂದ ಅವಳು ನನ್ನ ಪಕ್ಷದಲ್ಲೇ ಇದ್ದಾಳೆಂದು ತಿಳಿದಿದ್ದೆ.

ಸಂಕ್ರಾಂತಿಗೆ ಎಳ್ಳುಬೆಲ್ಲಕ್ಕೆಂದು ಹೆಂಗಸರನ್ನು ಕರೆದೆ. ಕಾಲೇಜಿನ ಸಹೋದ್ಯೋಗಿಗಳು, ಅಕ್ಕಪಕ್ಕದವರು, ಭದ್ರಾವತಿಯಿಂದ ಸೋದರಮಾವನ ಹೆಂಡತಿ ಅತ್ತೆ, ಅತ್ತೆಯ ಮಗಳು. ಆ ಹುಡುಗಿ ಚಿಕ್ಕವಳಿದ್ದಾಗ ಮೂರು ವರ್ಷ ನಮ್ಮ ಕ್ವಾರ್ಟರ್ಸಿನಲ್ಲೇ ಬೆಳೆದವಳು. ಅಮ್ಮನ ಕೈತುತ್ತು ತಿಂದು, ಅಮ್ಮನ ಪಕ್ಕದಲ್ಲೇ ಮಲಗಿದವಳು. ಈಗ ಐದು ತಿಂಗಳ ಬಸುರಿ. ಅವಳು ಬರುತ್ತಾಳೆಂದು ಕೇಳಿ ಅಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೊಬ್ಬರಿ ಹೆಚ್ಚಿದಳು, ಶೇಂಗಾ ಹುರಿದಳು, ಸಕ್ಕರೆ ಅಚ್ಚು ತರಲು ಹಬ್ಬದ ಹಿಂದಿನ ದಿನ ತಾನೇ ಗಾಂಧಿ ಬಜಾರಿಗೆ ಹೋದಳು.

ಅವಳು ಹೋದ ಹೊತ್ತಿನಲ್ಲಿ ಮಾಲಿಯನ್ನು ಕರೆದು, ದಾರಿಗೆ ಎದುರಾದ ಬೇಲಿಯನ್ನು ಬುಡದವರೆಗೂ ಕಡಿದು ಬಾಗಿಲು ಮಾಡಿ ಎಂದೆ.

ಅವರು ಕತ್ತರಿ ಎತ್ತಲಿಲ್ಲ. "ಅಮ್ಮನ್ನ ಕೇಳಿದ್ರಾ ಮೇಡಂ?"

"ಅಮ್ಮನಿಗೋಸ್ಕರಾನೇ ಮಾಡಿಸ್ತಿರೋದು."

"ಅದು ಸರಿ. ಕೇಳಿದ್ರಾ?"

"ನೀವು ಕಡೀರಿ, ನಾನು ಹೇಳ್ತೀನಿ."

ಅವರು ಕಡಿದರು. ಮಧ್ಯಾಹ್ನ ಅಮ್ಮ ಚೀಲ ಹಿಡಿದು ಗೇಟಿನೊಳಗೆ ಬಂದವಳು ನಿಂತುಬಿಟ್ಟಳು. ಅಲ್ಲಿಂದಲೇ ಕಲ್ಲುಬೆಂಚು ಕಾಣುತ್ತಿತ್ತು. ನಾಲ್ಕು ಕಾಕಡದ ಗಿಡಗಳೂ ಕಾಣುತ್ತಿದ್ದವು. ನಾನು ವಿನ್ಯಾಸದ ಬಗ್ಗೆ, ಬೆಳಕಿನ ಬಗ್ಗೆ ಏನೇನೋ ಹೇಳಿದೆ. ಅವಳು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ.

"ಮತ್ತೆ ಬೆಳೆಯೋಕೆ ಎಷ್ಟು ದಿನ ಬೇಕಪ್ಪ?" ಎಂದು ಮಾಲಿಯನ್ನು ಕೇಳಿದಳು.

"ಬುಡಕ್ಕೆ ಕಡಿದಿದೆ ಅಮ್ಮ. ಎರಡು ಮಳೆ ಬೇಕು."

ಅವಳು ತಲೆಯಾಡಿಸಿ ಒಳಗೆ ಹೋಗಿ ಶೇಂಗಾದ ಸಿಪ್ಪೆ ತೆಗೆಯಲು ಕೂತಳು.

ಮರುದಿನ ಸಂಜೆ ಸುಮಾರು ಇಪ್ಪತ್ತು ಹೆಂಗಸರು ಜಲ್ಲಿಯ ದಾರಿಯ ಎರಡು ಬದಿಗೆ ಕುರ್ಚಿಗಳಲ್ಲಿ ಕೂತರು. ನಾನು ಅಡುಗೆಮನೆಯಿಂದ ಅಮ್ಮನ ಕೈ ಹಿಡಿದು ಕರೆತಂದೆ. ತಟ್ಟೆಯಲ್ಲಿ ಎಳ್ಳುಬೆಲ್ಲ ಹಂಚಲಿಕ್ಕಿದೆ ಎಂದು ಅವಳು ತಿಳಿದಿದ್ದಳು. ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ದಾರಿಯ ನಡುವೆ ನಿಂತು ನಾನು ಮಾತಾಡಿದೆ. ಐದು ನಿಮಿಷ. ಅಚ್ಚುಕಟ್ಟಾದ ಮಾತು, ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಹೂವಿನ ಮೇಲೆ, ಬಣ್ಣದ ಮೇಲೆ, ಸಂತೋಷದ ಮೇಲೆ ಸಾವಿಗೆ ಅಧಿಕಾರ ಕೊಟ್ಟವರು ಯಾರು ಎಂದು ಕೇಳಿದೆ. ನನ್ನ ತಾಯಿ ಇಷ್ಟು ದಿನ ಈ ಬೇಲಿಯ ಹಿಂದೆ ಯಾರಿಗೂ ಕಾಣದಂತೆ ಹೂ ಮುಡಿದಿದ್ದಾಳೆ, ಇವತ್ತಿನಿಂದ ಎಲ್ಲರೆದುರು ಮುಡಿಯುತ್ತಾಳೆ ಎಂದೆ.

ಅಮ್ಮ ತಲೆ ಎತ್ತಿ ನನ್ನನ್ನು ನೋಡಿದಳು. ನನಗೆ ಗೊತ್ತಿತ್ತೆಂಬುದು ಅವಳಿಗೆ ಗೊತ್ತಾದದ್ದು ಆಗ; ಇಪ್ಪತ್ತು ಜನರ ಜೊತೆಗೆ.

ಮೊದಲೇ ತೆಗೆದಿಟ್ಟಿದ್ದ ಕಾಕಡದ ಮಾಲೆ ಹಿಡಿದು ನಾನು ಅವಳ ಹಿಂದೆ ಹೋದೆ. ಅವಳ ಕೈ ಮೇಲೆದ್ದು ನನ್ನ ಮಣಿಕಟ್ಟು ಹಿಡಿಯಿತು. "ಬೇಡ ಕಣೇ," ಎಂದಳು, ನನಗೊಬ್ಬಳಿಗೇ ಕೇಳುವಂತೆ. ಅದು ಅಂಜಿಕೆ, ಅದನ್ನು ಮೀರಿಸುವುದೇ ನನ್ನ ಕೆಲಸ ಎಂದುಕೊಂಡು ಕೈ ಬಿಡಿಸಿಕೊಂಡು ಮುಡಿಸಿದೆ. ಹಣೆಗೆ ಕುಂಕುಮ ಇಟ್ಟೆ. ಸಹೋದ್ಯೋಗಿಗಳು ಚಪ್ಪಾಳೆ ತಟ್ಟಿದರು. ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು.

ಅತ್ತೆಯ ಮಗಳು ಎದ್ದು ಅಮ್ಮನ ಕಡೆಗೆ ಎರಡು ಹೆಜ್ಜೆ ಇಟ್ಟಳು. ಅವಳ ಕಣ್ಣಲ್ಲಿ ನೀರಿತ್ತು. ಅತ್ತೆ ಅವಳ ತೋಳು ಹಿಡಿದು ನಿಲ್ಲಿಸಿದರು.

"ನಡಿಯೇ, ಬಸ್ಸಿಗೆ ಹೊತ್ತಾಯ್ತು."

"ಅತ್ತೆ, ಇನ್ನೂ ಎಳ್ಳೇ ಕೊಟ್ಟಿಲ್ಲ," ಎಂದೆ.

"ಎಳ್ಳು ಬೇಡಮ್ಮ. ನಿಮ್ಮ ತೋಟ, ನಿಮ್ಮ ಹೂವು, ಏನು ಬೇಕಾದ್ರೂ ಮಾಡ್ಕೊಳ್ಳಿ. ನನ್ನ ಮಗಳು ಬಸುರಿ. ಇದನ್ನ ತೋರ್ಸೋಕೆ ಕರೀತಿದ್ದೀನಿ ಅಂತ ಫೋನಲ್ಲೇ ಹೇಳಿದ್ದಿದ್ರೆ ನಾನು ಬರ್ತಾನೇ ಇರ್ಲಿಲ್ಲ."

ನಾನು ಉತ್ತರಿಸಿದೆ. ಒಂದು ಹೂವಿಗೂ ಗರ್ಭಕ್ಕೂ ಸಂಬಂಧ ತೋರಿಸಿ ಎಂದೆ. ಅಮ್ಮ ನಿಮ್ಮ ಮಗಳನ್ನು ಮೂರು ವರ್ಷ ಸಾಕಿದಾಗ ಶುಭವಾಗಿದ್ದವಳು ಈಗ ಹೇಗೆ ಅಶುಭವಾದಳು ಎಂದೆ. ಅತ್ತೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನೀನೇ ಗೆದ್ದೆ ತಾಯಿ. ನಿನ್ನ ಹತ್ರ ಮಾತಲ್ಲಿ ಗೆಲ್ಲೋಕೆ ನಾನೇನು ಕಾಲೇಜಿಗೆ ಹೋದವಳಾ?" ಎಂದರು.

ಆಗ ಅಮ್ಮ ಬೆಂಚಿನಿಂದ ಎದ್ದಳು. ಎಲ್ಲರೂ ನೋಡುತ್ತಿದ್ದಂತೆ ತುರುಬಿನ ಮಾಲೆಯನ್ನು ಕಿತ್ತು ತೆಗೆದಳು. ಜೊತೆಗೆ ನಾಲ್ಕು ಕೂದಲೂ ಬಂದವು. ಸೆರಗಿನಿಂದ ಹಣೆ ಒರೆಸಿಕೊಂಡಳು. ಅತ್ತೆಯ ಹತ್ತಿರ ಹೋಗಲು ಹೊರಟವಳು ನಡುವೆಯೇ ನಿಂತು, ಇಬ್ಬರ ನಡುವೆ ನಾಲ್ಕು ಮಾರು ಅಂತರ ಬಿಟ್ಟು, "ನಾನು ಅವಳನ್ನ ಮುಟ್ಟಿಲ್ಲಮ್ಮ. ನೀನೇ ನೋಡಿದ್ಯಲ್ಲ, ಮುಟ್ಟಿಲ್ಲ. ಏನೂ ಆಗಲ್ಲ," ಎಂದಳು.

ಚಪ್ಪಾಳೆ ತಟ್ಟಿದವರೂ ಆ ಮಾತು ಕೇಳಿದರು.

ಅಂದಿನಿಂದ ಅಮ್ಮ ತೋಟಕ್ಕೆ ಇಳಿಯಲಿಲ್ಲ. ಮಂಡಿನೋವು ಎಂದಳು. ಕಾಫಿಯನ್ನು ಅಡುಗೆಮನೆಯಲ್ಲೇ ನಿಂತು ಕುಡಿಯತೊಡಗಿದಳು. ಕಾಕಡ ಆ ವರ್ಷ ಚೆನ್ನಾಗಿಯೇ ಬಿಟ್ಟಿತು. ಬಿಡಿಸುವವರಿಲ್ಲದೆ ಉದುರಿ ಬೆಂಚಿನ ಮೇಲೆಲ್ಲ ಕಂದಿ ಅಂಟಿಕೊಂಡಿತು. ನಾನು ಕ್ಷಮೆ ಕೇಳಿದೆ. ಅದೂ ಸ್ವಲ್ಪ ಭಾಷಣದಂತೆಯೇ ಇತ್ತೆಂದು ಈಗ ಅನ್ನಿಸುತ್ತದೆ. "ಹೋಗ್ಲಿ ಬಿಡು," ಎಂದಳು. ಬೇಲಿ ಬೆಳೆಯುವವರೆಗೆ ಬಿದಿರಿನ ತಟ್ಟಿ ಕಟ್ಟಿಸುತ್ತೇನೆ, ಮೊದಲಿನಂತೆಯೇ ಮರೆಯಾಗುತ್ತದೆ ಎಂದೆ.

"ಅದರ ಹಿಂದೆ ಏನಿದೆ ಅಂತ ಈಗ ಎಲ್ಲರಿಗೂ ಗೊತ್ತಲ್ಲ," ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅದಕ್ಕೆ ಏನಾದರೂ ಹೇಳಬಹುದಿತ್ತು.

ಮಾರ್ಚಿನಲ್ಲಿ ಭದ್ರಾವತಿಯಲ್ಲಿ ಸೀಮಂತ ನಡೆಯಿತು. ನಮ್ಮನ್ನು ಕರೆಯಲಿಲ್ಲ. ಹುಡುಗಿ ತಾನೇ ಗುಟ್ಟಾಗಿ ಫೋನ್ ಮಾಡಿ ಅತ್ತಳೆಂದು ಅಮ್ಮ ಹೇಳಿದಳು. ತಾನು ಅತ್ತದ್ದನ್ನು ಹೇಳಲಿಲ್ಲ. ಆ ದಿನ ಬೆಳಗಿನಿಂದ ಸಂಜೆಯವರೆಗೆ ಅವಳು ಮನೆಯ ಪಾತ್ರೆಗಳನ್ನೆಲ್ಲ, ತೊಳೆದಿದ್ದವನ್ನೂ ಇಳಿಸಿ, ಮತ್ತೆ ತೊಳೆದಳು.

ಮೇ ತಿಂಗಳಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ತಾಯಿ, ಮಗು ಇಬ್ಬರೂ ಕ್ಷೇಮ. ಎಂಟು ದಿನ ಬಿಟ್ಟು ಅತ್ತೆಯ ಫೋನ್ ಬಂತು. ಅಮ್ಮನಿಗೆ ಮೊಬೈಲ್ ಕಿವಿಗಿಟ್ಟುಕೊಳ್ಳುವ ಅಭ್ಯಾಸವಿಲ್ಲ. ಸ್ಪೀಕರಿನಲ್ಲಿ ಎಲ್ಲವೂ ನನಗೂ ಕೇಳಿಸಿತು.

"ಅಕ್ಕ, ನನ್ನ ಸೊಂಟ ಬಿದ್ದುಹೋಗಿದೆ. ಕೂಸಿಗೆ ನೀರು ಹಾಕೋಕೆ ಒಬ್ಬಳು ಬರ್ತಿದ್ದಳು, ಅವಳೂ ಬಿಟ್ಳು. ಬಾಣಂತಿ ನಿಮ್ಮನ್ನೇ ಕೇಳ್ತಾಳೆ."

"ಬರ್ತೀನಮ್ಮ."

"ಬನ್ನಿ. ಆದ್ರೆ ಮೊದಲಿನ ಥರ ಇರ್ಬೇಕು. ಬೀಗರು ಬರೋದು ಹೋಗೋದು ಇರುತ್ತೆ."

"ಹಂಗೇ ಇರ್ತೀನಿ. ನಾನು ಯಾವತ್ತೂ ಹಂಗೇ ಇದ್ದೆನಲ್ಲ."

ನಾನು ಬಾಯಿ ತೆರೆದೆ. ಅಮ್ಮ ಅಂಗೈ ಎತ್ತಿ ತಡೆದಳು. ಫೋನ್ ಇಟ್ಟ ಮೇಲೆ ಹಳೆಯ ಹತ್ತಿಸೀರೆಗಳನ್ನು ಮಗುವಿಗೆ ಸುತ್ತಲು ಆಗುತ್ತವೆಂದು ಮಡಚಿಟ್ಟಳು, ಹರಳೆಣ್ಣೆಯ ಬಾಟಲಿಗೆ ಎರಡು ಪ್ಲಾಸ್ಟಿಕ್ ಸುತ್ತಿದಳು. ಇದು ಬಾಣಂತನವಲ್ಲ, ಸಂಬಳವಿಲ್ಲದ ಚಾಕರಿ, ಅವರು ನಿನ್ನನ್ನು ಕರೆಯುತ್ತಿರುವುದು ಕೈಗಳಿಗಾಗಿ ಮಾತ್ರ ಎಂದು ನಾನು ಬಸ್ ಸ್ಟ್ಯಾಂಡಿನವರೆಗೂ ಹೇಳುತ್ತಲೇ ಹೋದೆ. ಅವಳು ಕಿಟಕಿಯ ಸೀಟು ಹಿಡಿದು ಕೂತು, ಮಲಗುವ ಮೊದಲು ಗ್ಯಾಸ್ ಆಫ್ ಮಾಡುವುದನ್ನು ಮರೆಯಬೇಡ ಎಂದಳು.

ಒಂದು ತಿಂಗಳಿಗೆಂದು ಹೋದವಳು ಮೂರು ತಿಂಗಳಾದರೂ ಬರಲಿಲ್ಲ. ಆಗಸ್ಟಿನಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ ನನಗೆ ಕರೆ ಬಂತು. ಸೋದರಮಾವನ ಮನೆ ಓಲ್ಡ್ ಟೌನಿನಲ್ಲಿದೆ. ನಾನು ಹೋಗುವ ಹೊತ್ತಿಗೆ ಅಯ್ಯನವರು ಮಗುವಿಗೆ ಲಿಂಗ ಕಟ್ಟಿ ಹೊರಟಿದ್ದರು. ನಡುಮನೆಯಲ್ಲಿ ತೊಟ್ಟಿಲು ತೂಗುಹಾಕಿ ಹೆಂಗಸರು ಹಾಡು ಶುರುಮಾಡಿದ್ದರು. ಗಂಡನ ಕಡೆಯವರು ಚಾಪೆಯ ಮೇಲೆ ಕೂತಿದ್ದರು. ಅಮ್ಮ ಅಲ್ಲಿರಲಿಲ್ಲ.

ಅವಳು ಹಿತ್ತಲಿನ ಬಚ್ಚಲಲ್ಲಿದ್ದಳು. ಹಂಡೆಯ ಒಲೆಗೆ ಸೌದೆ ನೂಕಿ, ಕಲ್ಲಿನ ಮೇಲೆ ಮಗುವಿನ ಬಟ್ಟೆ ಕುಕ್ಕುತ್ತಿದ್ದಳು. ಸೊರಗಿದ್ದಳು. ಬೆರಳ ಸಂದುಗಳು ಸೋಪಿನ ನೀರಿಗೆ ಬೆಂದು ಬಿಳಚಿದ್ದವು. ಒಳಗಿನಿಂದ ಹಾಡು ಕೇಳಿಸುತ್ತಿತ್ತು. ಅವಳ ತುಟಿ ಅದರ ಜೊತೆಗೇ ಆಡುತ್ತಿತ್ತು, ದನಿಯಿಲ್ಲದೆ.

"ಮನೆಗೆ ಬಾ ಅಮ್ಮ," ಎಂದೆ.

"ಕೂಸಿನ ಕುತ್ತಿಗೆ ಇನ್ನೂ ಗಟ್ಟಿಯಾಗಿಲ್ಲ."

"ಅದನ್ನ ತೊಟ್ಟಿಲಿಗೆ ಹಾಕುವಾಗ ನಿನ್ನನ್ನ ಇಲ್ಲಿ ಕೂರಿಸಿದ್ದಾರಲ್ಲ. ನಾನು ಒಳಗೆ ಹೋಗಿ ಕೇಳ್ತೀನಿ."

ಅವಳು ಕುಕ್ಕುವುದನ್ನು ನಿಲ್ಲಿಸಿದಳು. "ಇಲ್ಲಿ ನೀನು ಮಾತಾಡ್ಬೇಡ. ನಿನಗೆ ಕೈಮುಗಿದು ಕೇಳ್ಕೊಳ್ತೀನಿ. ಹಾಡು ಅವರ ಪಾಲಿಗಿರ್ಲಿ. ದಿನಾ ಬೆಳಿಗ್ಗೆ ಆ ಮಗು ನನ್ನ ಕಾಲಮೇಲಿರುತ್ತೆ, ಮುಕ್ಕಾಲು ಗಂಟೆ. ಬಚ್ಚಲ ಬಾಗಿಲು ಹಾಕ್ಕೊಂಡ್ರೆ ಒಬ್ಬರೂ ಒಳಗೆ ಬರಲ್ಲ. ನೀನು ಇವತ್ತು ಮಾತಾಡಿದ್ರೆ ನಾಳೆಯಿಂದ ಅದೂ ಇಲ್ಲ."

"ನಮ್ಮ ಮನೇಲಿ ನಿನಗೆ ಏನು ಕಡಿಮೆಯಾಗಿತ್ತಮ್ಮ?"

ಅವಳು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟಳು. "ಕಡಿಮೆ ಏನಿಲ್ಲ. ಅಲ್ಲಿ ನಾನು ಎಲ್ಲಾ ಕಡೆಯಿಂದಲೂ ಕಾಣ್ತೀನಿ."

ಇದಕ್ಕೆ ಖಂಡನೆ ಸಾಧ್ಯವಿತ್ತು. ಬಚ್ಚಲಿನ ಬಾಗಿಲು ಹಾಕಿಕೊಂಡು ಸಿಗುವ ಮುಕ್ಕಾಲು ಗಂಟೆಗೆ ಒಬ್ಬ ಹೆಣ್ಣಿನ ಇಡೀ ದಿನವನ್ನು ಕೊಡಬಾರದು. ನಾನು ಇದನ್ನು ಯಾವ ವೇದಿಕೆಯ ಮೇಲೂ ಹೇಳಬಲ್ಲೆ, ಮುಂದೆಯೂ ಹೇಳುತ್ತೇ‌ನೆ. ಅವಳ ಮುಂದೆ ಮಾತ್ರ, ಹಿಂಡಿಟ್ಟ ಬಟ್ಟೆಯೊಂದನ್ನು ಎತ್ತಿ ಕೊಡವಿ ತಂತಿಗೆ ಹಾಕಿದೆ.

ಒಳಗಿನಿಂದ ಅತ್ತೆ ನನ್ನನ್ನು ಕೂಗಿದರು. ಕುಂಕುಮ ಕೊಡುತ್ತಿದ್ದರು. ಅಮ್ಮನಿಗೆ ಇಲ್ಲದ ಕುಂಕುಮ ನನಗೂ ಬೇಡವೆಂದು, ಅಪ್ಪ ಹೋದಂದಿನಿಂದ ನಾನು ಯಾರ ಮನೆಯಲ್ಲೂ ಹಣೆ ಒಡ್ಡಿದವಳಲ್ಲ. ಇದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಡು ನಿಂತಿತ್ತು; ಗಂಡನ ಕಡೆಯವರು ಬಾಗಿಲ ಕಡೆಗೆ ನೋಡುತ್ತಿದ್ದರು.

"ಹೋಗು," ಎಂದಳು ಅಮ್ಮ. "ಹೋಗಿ ತಗೋ."

ನಾನು ಒಳಗೆ ಹೋಗಿ ಚಾಪೆಯ ಅಂಚಿನಲ್ಲಿ ಕೂತು ಮುಖ ಮುಂದೊಡ್ಡಿದೆ. ಅತ್ತೆ ಒಂದು ಗಳಿಗೆ ನನ್ನ ಮುಖವನ್ನೇ ನೋಡಿ, ಹಣೆಯ ನಡುವೆ ಬೆರಳು ಒತ್ತಿದರು. ಆಮೇಲೆ ತಟ್ಟೆಯಿಂದ ಗೇಣುದ್ದದ ಮಲ್ಲಿಗೆ ತೆಗೆದು ನನ್ನ ಜಡೆಗೆ ಸಿಕ್ಕಿಸಿ, "ಈಗ ಚೆನ್ನಾಗಿ ಕಾಣ್ತೀಯ," ಎಂದರು. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಹಿತ್ತಲಲ್ಲಿ ಬಟ್ಟೆ ಕುಕ್ಕುವ ಸದ್ದು ಮತ್ತೆ ಶುರುವಾಯಿತು.